ಜಲ್ಲಿ ನುಂಗುವ ಚಕ್ರ

ಇಟಲಿಯ ವಾಯವ್ಯ ಮೂಲೆಯಲ್ಲಿ, ಫ್ರಾನ್ಸಿನ ಗಡಿಗೆ ಹತ್ತಿರವಾಗಿ ಸೂಸಾ ಎಂಬ ರೋಮನ್ನರ ಕಾಲದ ಊರಿದೆ. ಅಲ್ಲಿಂದ ಒಂದು ಕಿರಿದಾದ ದಾರಿ ಚೆಸ್ಟ್‌ನಟ್ ಮರಗಳ ಕಾಡಿನೊಳಗೆ ನುಗ್ಗಿ, ತಿರುವಿನ ಮೇಲೆ ತಿರುವು ಹಾಕುತ್ತಾ, ಆಲ್ಪ್ಸ್ ಪರ್ವತದ ಹೆಗಲೇರುತ್ತದೆ. 18.5 ಕಿಲೋಮೀಟರ್ ಉದ್ದ, ಸರಾಸರಿ ಶೇ. 9ರಷ್ಟು ಏರು, ಎಂದರೆ ನೂರು ಮೀಟರ್ ಮುಂದೆ ಹೋದರೆ ಒಂಬತ್ತು ಮೀಟರ್ ಮೇಲಕ್ಕೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದೂರ ಡಾಂಬರು ಇದೆ. ಆಮೇಲೆ ಡಾಂಬರು ಮುಗಿದುಹೋಗುತ್ತದೆ, ಏರು ಮಾತ್ರ ಮುಗಿಯುವುದಿಲ್ಲ. ಕೊನೆಯ ಸುಮಾರು 8 ಕಿಲೋಮೀಟರ್ ಬರೀ ಜಲ್ಲಿ ಮತ್ತು ಮಣ್ಣು. ತುದಿಯಲ್ಲಿ, 2178 ಮೀಟರ್ ಎತ್ತರದಲ್ಲಿ, ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಎಂಬ ಕಣಿವೆದಾರಿ. ಒಂದು ಕಾಲಕ್ಕೆ ಸೈನ್ಯದ ಓಡಾಟಕ್ಕೆಂದು ಮಾಡಿದ ದಾರಿ ಇದು.

ಇಟಲಿಯ ದೊಡ್ಡ ಸೈಕಲ್ ಸ್ಪರ್ಧೆ ಜೀರೋ ದಿತಾಲಿಯಾ ಈ ದಾರಿಯನ್ನು ಮೊದಲು ಏರಿದ್ದು 2005ರಲ್ಲಿ. 2018ರಲ್ಲಿ ಸೈಮನ್ ಯೇಟ್ಸ್ ಎಂಬ ಇಂಗ್ಲೆಂಡಿನ ಸವಾರ, ಮುಂಚೂಣಿಯ ಗುಲಾಬಿ ಅಂಗಿ ತೊಟ್ಟುಕೊಂಡೇ ಈ ಬೆಟ್ಟದಲ್ಲಿ ಕುಸಿದುಹೋದ. ಆ ಒಂದೇ ದಿನ ಅವನು ಕಳೆದುಕೊಂಡದ್ದು 38 ನಿಮಿಷಕ್ಕೂ ಹೆಚ್ಚು. ಅದೇ ದಿನ ಅದೇ ಜಲ್ಲಿಯ ಮೇಲೆ ಕ್ರಿಸ್ ಫ್ರೂಮ್ ಎಲ್ಲರನ್ನೂ ಬಿಟ್ಟು ಹೊರಟು, ಉಳಿದ ಸುಮಾರು 80 ಕಿಲೋಮೀಟರನ್ನು ಒಬ್ಬನೇ ತುಳಿದು ಗೆದ್ದ. ಏಳು ವರ್ಷದ ನಂತರ, 2025ರ ಮೇ 31ರಂದು, ಯೇಟ್ಸ್ ಮತ್ತೆ ಇಲ್ಲಿಗೆ ಬಂದಾಗ 1 ನಿಮಿಷ 21 ಸೆಕೆಂಡ್ ಹಿಂದಿದ್ದ, ಮೂರನೆಯ ಸ್ಥಾನದಲ್ಲಿದ್ದ. ಮುಂದಿದ್ದ ದೆಲ್ ತೋರೊ ಮತ್ತು ಕರಪಾಸ್ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಇವನು ಹೊರಟೇಬಿಟ್ಟ. ಇಡೀ ಜೀರೋವನ್ನೇ ಗೆದ್ದ. ಕಥೆ ಬರೆಯುವವರು ಇದನ್ನು ಸೇಡು ಎನ್ನುತ್ತಾರೆ, ಪ್ರಾಯಶ್ಚಿತ್ತ ಎನ್ನುತ್ತಾರೆ. ನನಗೆ ಕುತೂಹಲ ಇರುವುದು ಆ ಜಲ್ಲಿಯ ಬಗ್ಗೆ.

ಇಂಥ ದಾರಿಗಳಲ್ಲೇ ಓಡಿಸಲೆಂದು ಮಾಡಿದ ಸೈಕಲ್ಲುಗಳಿಗೆ ಈಗ ಗ್ರಾವೆಲ್ ಬೈಕ್ ಎಂದು ಹೆಸರು. ರೇಸ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್, ಆದರೆ 40–45 ಮಿಲಿಮೀಟರ್ ದಪ್ಪದ ಟೈರು. ಅಮೆರಿಕದ ಕ್ಯಾನ್ಸಸ್‌ನ ಬೆಣಚುಕಲ್ಲಿನ ಗುಡ್ಡಗಳಲ್ಲಿ 2006ರಲ್ಲಿ ಶುರುವಾದ 200 ಮೈಲಿಗಳ ಓಟ ಈ ಹುಚ್ಚನ್ನು ಬೆಳೆಸಿತು. 2022ರಲ್ಲಿ ಇದಕ್ಕೆ ಪ್ರತ್ಯೇಕ ವಿಶ್ವ ಚಾಂಪಿಯನ್‌ಷಿಪ್ಪೂ ಆರಂಭವಾಯಿತು. ಹೊಸದು ಎನ್ನುವುದೇನೂ ಇಲ್ಲಿಲ್ಲ. ನೂರು ವರ್ಷದ ಹಿಂದೆ ಆಲ್ಪ್ಸ್‌ನ ಬಹುತೇಕ ದಾರಿಗಳು ಹೀಗೇ ಇದ್ದವು, ಸೈಕಲ್ಲುಗಳೂ ಅವುಗಳ ಮೇಲೆಯೇ ಓಡುತ್ತಿದ್ದವು.

ಮೊದಲು ಬೆಟ್ಟದ ಲೆಕ್ಕ ಚುಕ್ತಾ ಮಾಡಿಬಿಡೋಣ. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 80 ಕೆ.ಜಿ. ಎಂದಿಟ್ಟುಕೊಳ್ಳಿ. ಶೇ. 9ರ ಏರಿನಲ್ಲಿ ಗುರುತ್ವ ಇವರನ್ನು ಸುಮಾರು 70 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಸ್ಪರ್ಧಿಯಲ್ಲದ, ಆದರೆ ಕಾಲಲ್ಲಿ ಕಸುವಿರುವ ಸವಾರ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಏರಿದರೆ ಗುರುತ್ವಕ್ಕೆ ತೆರಬೇಕಾದದ್ದು 156 ವ್ಯಾಟ್. ಆ ವೇಗದಲ್ಲಿ ಗಾಳಿಯ ತಡೆ ಎರಡೇ ವ್ಯಾಟ್, ಬಿಟ್ಟುಬಿಡಬಹುದು. (ಇದಕ್ಕೇ ಇಂಥ ಏರಿನಲ್ಲಿ ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಅವಿತು ಹೋಗುವುದರಿಂದ ಹೆಚ್ಚು ಲಾಭವಿಲ್ಲ, ತಂಡದವರು ನಾಯಕನನ್ನು ಕಾಪಾಡಲಾರರು, ಫ್ರೂಮ್‌ನಂಥವರು ಓಡಿಹೋಗಲು ಇಲ್ಲಿಯೇ ಹೊಂಚು ಹಾಕುತ್ತಾರೆ.) ಇನ್ನು ಉಳಿದದ್ದು ಚಕ್ರ ಉರುಳುವುದಕ್ಕೆ ನೆಲ ಒಡ್ಡುವ ತಡೆ. ಒಳ್ಳೆಯ ಡಾಂಬರಿನಲ್ಲಿ ಅದು 9 ವ್ಯಾಟ್ ಆಸುಪಾಸು. ಸಡಿಲ ಜಲ್ಲಿಯಲ್ಲಿ ಮೂರು ಪಟ್ಟಾಗಿ 26ಕ್ಕೆ ಏರುವುದು ಸಾಮಾನ್ಯ. ನೆಲ ಇನ್ನೂ ಮೆದುವಾಗಿದ್ದರೆ ಅದಕ್ಕೂ ಹೆಚ್ಚು.

ಗುರುತ್ವದ ಹತ್ತಿರ ಚೌಕಾಸಿ ನಡೆಯುವುದಿಲ್ಲ. ಸುಮಾರು 1680 ಮೀಟರ್ ಮೇಲೇರಬೇಕು, ಅದಕ್ಕೆ ತಗಲುವ ಶಕ್ತಿ ಇಷ್ಟೇ ಎಂದು ನಿಗದಿಯಾಗಿದೆ. ತಿಂದದ್ದರಲ್ಲಿ ಕಾಲು ಭಾಗವನ್ನಷ್ಟೇ ಸ್ನಾಯುಗಳು ಕೆಲಸಕ್ಕೆ ಬಳಸಬಲ್ಲವಾದ್ದರಿಂದ, ತುದಿ ಮುಟ್ಟುವಷ್ಟರಲ್ಲಿ 1300ರಿಂದ 1500 ಕಿಲೋಕ್ಯಾಲೊರಿ ಖರ್ಚು. ಅಷ್ಟು ಹೊತ್ತಿಗೆ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕೆ ಇಳಿದಿರುತ್ತದೆ, ಪ್ರತಿ ಉಸಿರಿಗೂ ಸಿಗುವ ಆಮ್ಲಜನಕವೂ ಅಷ್ಟೇ. ಇದರಲ್ಲಿ ಯಾವುದನ್ನೂ ಬದಲಿಸಲಾಗದು. ಬದಲಿಸಬಹುದಾದದ್ದು ನೆಲ ಮತ್ತು ಚಕ್ರ ಮುಟ್ಟಿಕೊಳ್ಳುವ ಆ ಅಂಗೈಯಗಲದ ಜಾಗದಲ್ಲಿ ಏನು ನಡೆಯುತ್ತದೆ ಎಂಬುದನ್ನು ಮಾತ್ರ.

ಅಲ್ಲಿ ನಡೆಯುವುದನ್ನು ಸೈಕಲ್ ಲೋಕ ಬಹಳ ಕಾಲ ತಲೆಕೆಳಗಾಗಿ ತಿಳಿದುಕೊಂಡಿತ್ತು.

ನಮ್ಮೂರುಗಳ ಸೈಕಲ್ ಶಾಪಿನಲ್ಲಿ ಗಾಳಿ ಹೊಡೆದುಕೊಟ್ಟವನು ಟೈರನ್ನು ಹೆಬ್ಬೆರಳಿಂದ ಅದುಮಿ, "ಕಲ್ಲಾಗಿದೆ ಸಾರ್, ಇನ್ನು ಹಂಗೇ ಓಡ್ತದೆ" ಎನ್ನುತ್ತಾನೆ. ಯೂರೋಪಿನ ರೇಸ್ ಮೆಕ್ಯಾನಿಕ್‌ಗಳೂ ಇದನ್ನೇ ನಂಬಿದ್ದರು. ನಂಬಿಕೆಗೆ ಪ್ರಯೋಗಾಲಯದ ಬೆಂಬಲವೂ ಇತ್ತು. ಟೈರನ್ನು ನುಣುಪಾದ ಉಕ್ಕಿನ ಉರುಳೆಯ ಮೇಲೆ ಓಡಿಸಿ ತಡೆ ಅಳೆಯುತ್ತಿದ್ದರು. ಗಾಳಿ ಹೆಚ್ಚಿಸಿದಷ್ಟೂ ತಡೆ ಇಳಿಯುತ್ತಿತ್ತು. ಅಳತೆಯಲ್ಲಿ ದೋಷವಿರಲಿಲ್ಲ. ಟೈರು ನೆಲ ಮುಟ್ಟಿದಲ್ಲೆಲ್ಲ ಚಪ್ಪಟೆಯಾಗಿ, ಮುಂದಕ್ಕೆ ಹೋದೊಡನೆ ಮತ್ತೆ ದುಂಡಗಾಗುತ್ತದೆ. ರಬ್ಬರಿನ ಗುಣವೆಂದರೆ, ಅದುಮಿದಾಗ ತೆಗೆದುಕೊಂಡ ಶಕ್ತಿಯನ್ನೆಲ್ಲ ಅದು ಹಿಂದಿರುಗಿಸುವುದಿಲ್ಲ, ಒಂದಿಷ್ಟನ್ನು ಶಾಖವಾಗಿ ಇಟ್ಟುಕೊಳ್ಳುತ್ತದೆ. ಗಟ್ಟಿಯಾಗಿ ಗಾಳಿ ತುಂಬಿದ ಟೈರು ಕಡಿಮೆ ಅದುಮಿಕೊಳ್ಳುತ್ತದೆ, ಕಡಿಮೆ ನುಂಗುತ್ತದೆ.

ಆದರೆ ಉಕ್ಕಿನ ಉರುಳೆಯ ಮೇಲೆ ಜಲ್ಲಿ ಇರಲಿಲ್ಲ, ಟೈರಿನ ಮೇಲೆ ಮನುಷ್ಯನೂ ಇರಲಿಲ್ಲ.

ಒಂದೇ ಒಂದು ಕಲ್ಲನ್ನು ತೆಗೆದುಕೊಳ್ಳಿ, ಎರಡು ಸೆಂಟಿಮೀಟರ್ ಎತ್ತರದ್ದು. ನಮ್ಮ ಕಟ್ಟಡದ ಕೆಲಸದವರು 'ಇಪ್ಪತ್ತರ ಜಲ್ಲಿ' ಎನ್ನುವುದು ಇದೇ ಗಾತ್ರಕ್ಕೆ. ಚಕ್ರದ ತ್ರಿಜ್ಯ 34.5 ಸೆಂಟಿಮೀಟರ್. ಚಕ್ರ ಗಡುಸಾಗಿದ್ದು, ಮೆಲ್ಲಗೆ ಬಂದು ಕಲ್ಲಿಗೆ ಒರಗಿತೆನ್ನಿ. ಅದನ್ನು ಹತ್ತಿ ದಾಟಲು ಆ ಚಕ್ರದ ಮೇಲಿರುವ ಭಾರದ ಶೇ. 36ರಷ್ಟು ಬಲದಿಂದ ಮುಂದಕ್ಕೆ ನೂಕಬೇಕು. ಈಗ ಗಾಳಿ ಇಳಿಸಿ. ಟೈರು ಕಲ್ಲಿನ ಒಂದೂವರೆ ಸೆಂಟಿಮೀಟರನ್ನು ತನ್ನೊಳಗೆ ನುಂಗಿಕೊಂಡಿತು. ಚಕ್ರ ಏರಬೇಕಾದದ್ದು ಇನ್ನರ್ಧ ಸೆಂಟಿಮೀಟರ್ ಮಾತ್ರ. ಬೇಕಾದ ಬಲ ಶೇ. 17ಕ್ಕೆ ಇಳಿಯಿತು. ಗಡುಸು ಚಕ್ರ ಇಡೀ ಸವಾರನನ್ನು ಎರಡು ಸೆಂಟಿಮೀಟರ್ ಎತ್ತಿ, ದೊಪ್ಪೆಂದು ಕೆಳಗಿಳಿಸುತ್ತದೆ. ಎತ್ತಲು ಹಾಕಿದ ಶಕ್ತಿ ಇಳಿಯುವಾಗ ವಾಪಸು ಬರಬೇಕಲ್ಲ ಎಂದು ಕೇಳಬಹುದು. ಬರುವುದಿಲ್ಲ. ಬಿದ್ದ ಏಟಿಗೆ ತೊಡೆ, ಹೊಟ್ಟೆ, ಭುಜದ ಸ್ನಾಯುಗಳು ಅಲುಗಾಡುತ್ತವೆ, ಒಳಗಿನ ಪದರಗಳು ಒಂದಕ್ಕೊಂದು ಉಜ್ಜುತ್ತವೆ, ಶಕ್ತಿ ಮೈಯ ಬಿಸಿಯಾಗಿ ಕರಗಿಹೋಗುತ್ತದೆ. ಇದು ಒಂದು ಕಲ್ಲಿನ ಮಾತು. ಫಿನೆಸ್ತ್ರೆಯ ಪ್ರತಿ ಮೀಟರಿಗೂ ಇಂಥವು ಹತ್ತಾರು.

ಹಾಗಾಗಿ ನಷ್ಟಗಳು ಎರಡು. ಟೈರಿನೊಳಗಿನ ನಷ್ಟ ಗಾಳಿ ಹೆಚ್ಚಿದಂತೆ ಇಳಿಯುತ್ತದೆ. ಮೈ ಕುಲುಕುವುದರಿಂದಾಗುವ ನಷ್ಟ ಗಾಳಿ ಹೆಚ್ಚಿದಂತೆ ಏರುತ್ತದೆ. ಎರಡರ ಮೊತ್ತ ಎಲ್ಲೋ ನಡುವೆ ಕನಿಷ್ಠವಾಗುತ್ತದೆ. ನೆಲ ಒರಟಾದಷ್ಟೂ ಆ ಕನಿಷ್ಠ ಬಿಂದು ಕಡಿಮೆ ಗಾಳಿಯ ಕಡೆಗೆ ಸರಿಯುತ್ತದೆ. ಉಕ್ಕಿನ ಉರುಳೆಗೆ ಎರಡನೆಯ ನಷ್ಟದ ಪರಿಚಯವೇ ಇಲ್ಲದ್ದರಿಂದ ಅದು ಪ್ರಾಮಾಣಿಕವಾಗಿಯೇ ಅರ್ಧ ಸತ್ಯ ಹೇಳುತ್ತಿತ್ತು. ಈ ಶತಮಾನದ ಮೊದಲ ದಶಕದಲ್ಲಿ, ಸಿಯಾಟಲ್‌ನಿಂದ ಸೈಕಲ್ ಪತ್ರಿಕೆಯೊಂದನ್ನು ತರುತ್ತಿದ್ದ ಯಾನ್ ಹೈನ ಮತ್ತು ಅವರ ಗೆಳೆಯರು ಉರುಳೆಯನ್ನು ಬಿಟ್ಟು ರಸ್ತೆಗಿಳಿದರು. ಹೆದ್ದಾರಿಯ ಅಂಚಿನಲ್ಲಿ ನಿದ್ದೆಗಣ್ಣಿನ ಚಾಲಕರನ್ನು ಎಬ್ಬಿಸಲು ಕೊರೆದಿರುವ ಗಡಗಡ ಪಟ್ಟಿಗಳ ಮೇಲೆ ಸೈಕಲ್ ಓಡಿಸಿ, ಪಕ್ಕದ ನುಣುಪು ಡಾಂಬರಿಗೆ ಹೋಲಿಸಿ, ಪವರ್ ಮೀಟರ್‌ನಲ್ಲಿ ವ್ಯತ್ಯಾಸ ಅಳೆದರು. ಕುಲುಕಾಟದ ನಷ್ಟ ಯಾರೂ ಊಹಿಸದಷ್ಟು ದೊಡ್ಡದಾಗಿತ್ತು. ದಪ್ಪ, ಮೆತ್ತನೆಯ ಟೈರು ನಿಧಾನವಲ್ಲ ಎಂಬ ಮಾತನ್ನು ರೇಸ್ ಜಗತ್ತು ಒಪ್ಪಲು ಮತ್ತೆ ಹತ್ತು ವರ್ಷ ಹಿಡಿಯಿತು.

ಮಜಾ ಏನೆಂದರೆ, ಗಾಳಿ ಟೈರು ಹುಟ್ಟಿದ್ದೇ ಈ ತಿಳಿವಳಿಕೆಯಿಂದ. ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ, ಜನ ಮರೆತರು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಮತ್ತೆ ಕಂಡುಹಿಡಿದ ಟೈರಿಗೆ ಪೇಟೆಂಟ್ ಪಡೆದ. ಹುಡುಗನ ಸೈಕಲ್ಲಿನ ಗಟ್ಟಿ ಚಕ್ರ ಮತ್ತು ಗಾಳಿ ತುಂಬಿದ ಚಕ್ರ, ಎರಡನ್ನೂ ಅಂಗಳದಲ್ಲಿ ಉರುಳಿಸಿ ನೋಡಿದನಂತೆ. ಗಟ್ಟಿ ಚಕ್ರ ಅರ್ಧದಲ್ಲೇ ಬಿದ್ದಿತು, ಗಾಳಿಯದು ಆಚೆ ತುದಿಯವರೆಗೆ ಉರುಳಿತು. ಮರುವರ್ಷ ವಿಲ್ಲಿ ಹ್ಯೂಮ್ ಎಂಬ ಸವಾರ ಆ ಟೈರು ಹಾಕಿಕೊಂಡು ಬಂದಾಗ ನಕ್ಕವರು, ಅವನು ಒಂದಾದ ಮೇಲೊಂದು ರೇಸ್ ಗೆದ್ದಾಗ ಸುಮ್ಮನಾದರು. ಅಂಗಳದ ಕಲ್ಲುಮಣ್ಣಿನಲ್ಲಿ ಕಂಡ ಸತ್ಯವನ್ನು ಪ್ರಯೋಗಾಲಯದ ಉಕ್ಕು ಮರೆಸಿಬಿಟ್ಟಿತ್ತು ಎನ್ನಬೇಕು.

ಎಷ್ಟು ಮೆತ್ತಗೆ? ಟೈರಿನ ಒತ್ತಡವನ್ನು ನೆಲ ಮುಟ್ಟಿದ ಜಾಗದ ವಿಸ್ತೀರ್ಣದಿಂದ ಗುಣಿಸಿದರೆ, ಹೆಚ್ಚುಕಡಿಮೆ ಅದು ಹೊತ್ತ ಭಾರ ಸಿಗುತ್ತದೆ. ಹಿಂದಿನ ಚಕ್ರದ ಮೇಲೆ 45 ಕೆ.ಜಿ. ಇದ್ದು ಗಾಳಿ 100 ಪಿಎಸ್‌ಐ ಇದ್ದರೆ ನೆಲ ಮುಟ್ಟುವ ಜಾಗ ಆರೂವರೆ ಚದರ ಸೆಂಟಿಮೀಟರ್ ಮಾತ್ರ. 30 ಪಿಎಸ್‌ಐಗೆ ಇಳಿಸಿದರೆ ಸುಮಾರು 21. ಮೊದಲನೆಯದು ಒಂದೋ ಎರಡೋ ಕಲ್ಲಿನ ತುದಿಯ ಮೇಲೆ ಕುಣಿಯುತ್ತದೆ, ಎರಡನೆಯದು ಹಲವು ಕಲ್ಲುಗಳ ಮೇಲೆ ಭಾರ ಹಂಚಿಕೊಂಡು, ಅವುಗಳ ಸಂದಿಗೂ ಇಳಿದು ಹಿಡಿಯುತ್ತದೆ. ತೆಳ್ಳಗಿನ ಟೈರಿಗೆ ಈ ಉಪಾಯ ನಡೆಯದು. ಗಾಳಿ ಇಳಿಸಿದರೆ ಕಲ್ಲು ಟೈರನ್ನು ಪೂರ್ತಿ ಅದುಮಿ ರಿಮ್ಮಿಗೆ ಬಡಿಯುತ್ತದೆ. ನಡುವೆ ಸಿಕ್ಕ ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು. ಅದಕ್ಕೇ ದಪ್ಪ ಟೈರು ಬೇಕು, ಅದಕ್ಕೇ ಟ್ಯೂಬನ್ನೇ ಕಿತ್ತೆಸೆದರು. ಟ್ಯೂಬ್‌ಲೆಸ್ ಟೈರಿನೊಳಗೆ ಸೌಟಿನಷ್ಟು ರಬ್ಬರ್ ಹಾಲಿನ ದ್ರವ ಹಾಕಿರುತ್ತಾರೆ. ಮುಳ್ಳು ತೂತು ಮಾಡಿದರೆ ಹೊರನುಗ್ಗುವ ಗಾಳಿ ಆ ದ್ರವವನ್ನು ತೂತಿಗೆ ತಳ್ಳುತ್ತದೆ, ರಬ್ಬರ್ ಕಣಗಳು ಅಲ್ಲಿ ಹೆಪ್ಪುಗಟ್ಟಿ ಬಾಯಿ ಮುಚ್ಚುತ್ತವೆ. ಸವಾರನಿಗೆ ಒಮ್ಮೊಮ್ಮೆ ಗೊತ್ತೇ ಆಗುವುದಿಲ್ಲ. ಬೆಣಚುಕಲ್ಲು ಟೈರಿನ ಮಗ್ಗುಲನ್ನು ಸೀಳಿದರೆ ಮಾತ್ರ ಯಾವ ಹಾಲೂ ಕೆಲಸಕ್ಕೆ ಬಾರದು.

ಜಲ್ಲಿಯಲ್ಲೂ ಜಾತಿಗಳಿವೆ. ಹೊಳೆಯ ಗುಂಡುಕಲ್ಲು ಹರವಿದ ದಾರಿ ಸೈಕಲ್ಲಿಗೆ ನರಕ. ಒಂದೊಂದು ಕಲ್ಲೂ ಇನ್ನೊಂದರ ಮೇಲೆ ಉರುಳುತ್ತದೆ, ಚಕ್ರದ ಕೆಳಗೆ ಬೇರಿಂಗಿನ ಗುಂಡು ಚೆಲ್ಲಿದ ಹಾಗೆ. ಒಡೆದ, ಮೂಲೆ ಮೂಲೆಯ ಕಲ್ಲು ಹಾಗಲ್ಲ. ಅದುಮಿದಷ್ಟೂ ಒಂದರ ಮೂಲೆ ಇನ್ನೊಂದರ ಸಂದಿಗೆ ಕಚ್ಚಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಜಾನ್ ಮೆಕ್ಯಾಡಮ್ ರಸ್ತೆ ಕಟ್ಟುವ ಶಾಸ್ತ್ರವನ್ನೇ ಇದರ ಮೇಲೆ ನಿಲ್ಲಿಸಿದ. ಗಾಡಿಯ ಚಕ್ರದ ಅಗಲಕ್ಕಿಂತ ಸಣ್ಣದಾಗಿ ಒಡೆದ ಕಲ್ಲು, ಕೆಳಗೆ ಒಣಗಿದ ನೆಲ, ನೀರು ಹರಿದುಹೋಗಲು ಅಂಚಿನ ಕಡೆಗೆ ಇಳಿಜಾರು, ಇಷ್ಟು ಸಾಕು ಎಂದ. ಫಿನೆಸ್ತ್ರೆಯಂಥ ಬೆಟ್ಟದ ದಾರಿಯ ಶತ್ರು ನೀರು. ಕಲ್ಲುಗಳನ್ನು ಹಿಡಿದಿಟ್ಟಿದ್ದ ನುಣ್ಣನೆಯ ಪುಡಿಯನ್ನು ಹಿಮ ಕರಗಿದ ನೀರು ಮೊದಲು ಕೊಚ್ಚಿಕೊಂಡು ಹೋಗುತ್ತದೆ, ಒಂಟಿಯಾದ ಕಲ್ಲು ಮೇಲೆ ಉಳಿಯುತ್ತದೆ. ತಿರುವುಗಳಲ್ಲಿ ಕಾರು, ಮೋಟರ್‌ಸೈಕಲ್ಲುಗಳ ಚಕ್ರ ಆ ಕಲ್ಲುಗಳನ್ನು ಹೊರ ಅಂಚಿಗೆ ಎಸೆಯುತ್ತದೆ. ಅನುಭವಿ ಸವಾರರ ಕಣ್ಣು ಗಟ್ಟಿಯಾಗಿ ಅದುಮಿಕೊಂಡ ಗಾಲಿಜಾಡನ್ನೇ ಹುಡುಕುತ್ತಿರುತ್ತದೆ, ಅದು ಅಂಗೈಯಗಲವೇ ಇದ್ದರೂ ಸರಿ.

ಇದಕ್ಕಿಂತ ವಿಚಿತ್ರವಾದದ್ದು ಅಲೆಅಲೆಯಾಗಿ ಏಳುವ ದಾರಿ. ಮಣ್ಣು ರಸ್ತೆಯಲ್ಲಿ ಬಸ್ಸು ಹತ್ತಿದವರಿಗೆಲ್ಲ ಈ ಗಡಗಡ ಗೊತ್ತು. ಬಸ್ಸಿನ ಸ್ಪ್ರಿಂಗುಗಳ ಕುಣಿತದಿಂದ ಇದು ಹುಟ್ಟುತ್ತದೆ ಎಂದು ಯಾರಾದರೂ ಊಹಿಸಬಹುದು. 2007ರಲ್ಲಿ ಟ್ಯಾಬರ್ಲೆ, ಮಾರಿಸ್ ಮತ್ತು ಮೆಕೆಲ್ವೇನ್ ಎಂಬ ಮೂವರು ಭೌತವಿಜ್ಞಾನಿಗಳು ತಿರುಗುವ ತಟ್ಟೆಯ ಮೇಲೆ ಮರಳು ಹರಡಿ, ಅದರ ಮೇಲೆ ಒಂದು ಪುಟ್ಟ ಚಕ್ರ ಉರುಳಿಸಿ ನೋಡಿದರು. ಸ್ಪ್ರಿಂಗ್ ತೆಗೆದರೂ ಅಲೆ ಎದ್ದಿತು. ಚಕ್ರ ಉರುಳದೆ ಬರೀ ಜಾರಿದರೂ ಎದ್ದಿತು. ಬೇಕಾದದ್ದು ವೇಗ ಒಂದೇ. ಒಂದು ಮಿತಿಯ ಕೆಳಗೆ ಮರಳು ಸಮತಟ್ಟಾಗಿಯೇ ಇತ್ತು, ಮಿತಿ ದಾಟಿದೊಡನೆ ಸಣ್ಣ ಉಬ್ಬೊಂದು ಚಕ್ರವನ್ನು ಹಾರಿಸಿ, ಹಾರಿದ ಚಕ್ರ ಬಿದ್ದಲ್ಲಿ ಗುಂಡಿ ಮಾಡಿ, ಆ ಗುಂಡಿಯಿಂದ ಮುಂದಿನ ಉಬ್ಬು ಬೆಳೆಯಿತು. ಬೆಟ್ಟ ಏರುವ ಸೈಕಲ್ಲು ನಿಧಾನದ್ದು, ಅಲೆ ಎಬ್ಬಿಸುವುದು ಹೆಚ್ಚಾಗಿ ಅದಲ್ಲ. ಇಂಜಿನ್ನಿನ ಗಾಡಿಗಳು ಕೊರೆದದ್ದನ್ನು ಪಾಪ ಅದು ಅನುಭವಿಸುತ್ತದೆ, ಅಷ್ಟೇ. ಅಲೆಗಳ ಅಂತರ 60 ಸೆಂಟಿಮೀಟರ್ ಇದ್ದರೆ, ಗಂಟೆಗೆ 10ರಿಂದ 17 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಸೆಕೆಂಡಿಗೆ ಸುಮಾರು ಐದರಿಂದ ಎಂಟು ಏಟು. ಕೂತ ಮನುಷ್ಯನ ಮುಂಡ ಸಹಜವಾಗಿ ಕಂಪಿಸುವುದೂ ಸೆಕೆಂಡಿಗೆ ನಾಲ್ಕರಿಂದ ಎಂಟರ ಆಸುಪಾಸಿನಲ್ಲಿ. ಕರುಳು ಬಾಯಿಗೆ ಬಂದ ಹಾಗಾಗುತ್ತದೆ ಎನ್ನುತ್ತಾರಲ್ಲ, ಅದು ಅನುರಣನದ ಸರಳ ಭೌತಶಾಸ್ತ್ರ. ಇನ್ನೂ ನಿಧಾನಕ್ಕೆ ಹೋಗಬೇಕು, ಇಲ್ಲವೇ ಸೀಟಿನಿಂದ ಎದ್ದು ಮಂಡಿ ಮೊಣಕೈ ಸಡಿಲ ಬಿಟ್ಟು ವೇಗವಾಗಿ ದಾಟಬೇಕು.

ಏರುವಾಗ ಏಳುವುದು ಬೇರೆಯೇ ಸಮಸ್ಯೆ. ಶೇ. 9ರ ಏರಿನಲ್ಲಿ ಸೀಟಿನ ಮೇಲೆ ಕೂತವನ ಭಾರದ ಶೇ. 70ರಷ್ಟು ಹಿಂದಿನ ಚಕ್ರದ ಮೇಲಿರುತ್ತದೆ, ಸುಮಾರು 550 ನ್ಯೂಟನ್. ಆ ಚಕ್ರ ನೆಲವನ್ನು ಹಿಂದಕ್ಕೆ ತಳ್ಳಬೇಕಾದ ಸರಾಸರಿ ಬಲ 82 ನ್ಯೂಟನ್. ಆದರೆ ಕಾಲು ಸರಾಸರಿಯಲ್ಲಿ ತುಳಿಯುವುದಿಲ್ಲ. ಪೆಡಲ್ ಅಡ್ಡವಾಗಿದ್ದಾಗ ಒತ್ತು ಎರಡು ಪಟ್ಟಿನ ಹತ್ತಿರಕ್ಕೆ ಏರುತ್ತದೆ, ಮೇಲೆ ಕೆಳಗೆ ನೆಟ್ಟಗಿದ್ದಾಗ ಕುಸಿಯುತ್ತದೆ. ಏರಿದ ಕ್ಷಣದ 160 ನ್ಯೂಟನ್‌ಗೆ ನೆಲದ ಹಿಡಿತ ಭಾರದ ಶೇ. 30ರಷ್ಟಿದ್ದರೆ ಸಾಕು, ಸಡಿಲ ಜಲ್ಲಿಯೂ ಅಷ್ಟು ಕೊಡುತ್ತದೆ. ಈಗ ಸವಾರ ಎದ್ದು ಮುಂದಕ್ಕೆ ವಾಲಿದ ಎನ್ನಿ. ಹಿಂದಿನ ಚಕ್ರದ ಭಾರ ಶೇ. 45ಕ್ಕೆ ಇಳಿಯಿತು, ಎದ್ದು ತುಳಿಯುವ ಕಾಲಿನ ಒತ್ತೂ ಹೆಚ್ಚಿತು. ಬೇಕಾದ ಹಿಡಿತ ಶೇ. 46ನ್ನು ದಾಟುತ್ತದೆ, ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ. ಕೂತರೂ ತೀರಾ ಹಿಂದೆ ಕೂರುವಂತಿಲ್ಲ, ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಹೇಳಿದ ಮಾತು ಕೇಳುವುದಿಲ್ಲ. ಸೀಟಿನ ಮುಂದಿನ ಮೂತಿಗೆ ಸರಿದು, ಎದೆ ತಗ್ಗಿಸಿ, ಮೊಣಕೈ ಕೆಳಗೆ ಬಿಟ್ಟು ಕೂರಬೇಕು. ನೋಡಲು ಚೆನ್ನಾಗಿರುವುದಿಲ್ಲ, ಕೆಲಸ ಮಾಡುತ್ತದೆ.

ಹೀಗೆ ಕೂತೇ ಏರಲು ಹಗುರ ಗೇರು ಬೇಕು. ಹಳೆಯ ರೇಸ್ ಸೈಕಲ್ಲಿನ 39 ಹಲ್ಲಿನ ಮುಂದಿನ ಗೇರುಚಕ್ರ, 25 ಹಲ್ಲಿನ ಹಿಂದಿನ ಗೇರುಚಕ್ರದ ಜೋಡಿಯಲ್ಲಿ ಗಂಟೆಗೆ 8 ಕಿಲೋಮೀಟರ್ ಹೋಗುವವನ ಪೆಡಲ್ ನಿಮಿಷಕ್ಕೆ 39 ಸುತ್ತು ಮಾತ್ರ ತಿರುಗುತ್ತದೆ. ಪ್ರತಿ ತುಳಿತವೂ ಮಂಡಿ ಮುರಿಯುವಂಥದ್ದು. ಈಗಿನ ಗ್ರಾವೆಲ್ ಬೈಕಿನ 40–44ರ ಜೋಡಿಯಲ್ಲಿ ಅದು 67ರ ಆಸುಪಾಸು. ಟೂರ್ ದ ಫ್ರಾನ್ಸ್ ನಡೆಸುತ್ತಿದ್ದ ಆನ್ರಿ ದೆಗ್ರಾಂಜ್‌ಗೆ ಮಾತ್ರ ಗೇರೆಂದರೆ ಅಸಡ್ಡೆ, ಅದೇನಿದ್ದರೂ ವಯಸ್ಸಾದವರಿಗೆ ಎಂಬ ಭಾವನೆ. 1937ರವರೆಗೂ ಅವನ ಸ್ಪರ್ಧಿಗಳು ಪಿರನೀಸ್, ಆಲ್ಪ್ಸ್‌ನ ಮಣ್ಣುದಾರಿಗಳನ್ನು, ಓಡುತ್ತಲೇ ಗೇರು ಬದಲಿಸುವ ಡಿರೇಲರ್ ಇಲ್ಲದೆಯೇ ಏರಬೇಕಾಯಿತು. ಗೇರು ಬದಲಿಸಲು ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಳ್ಳಬೇಕಿತ್ತು. ಹಟವನ್ನು ಶೌರ್ಯ ಎಂದು ತಿಳಿಯುವ ಸಂಘಟಕರು ಎಲ್ಲ ಆಟಗಳಲ್ಲೂ ಇರುತ್ತಾರೆ.

ಇಳಿಯುವುದು ಸುಲಭ ಎಂದುಕೊಂಡವರಿಗೆ ಎರಡು ಲೆಕ್ಕ. ಬಂದ ದಾರಿಯಲ್ಲೇ, ಅದೇ ಶೇ. 9ರ ಜಲ್ಲಿಯಲ್ಲಿ, ಗಂಟೆಗೆ 30 ಕಿಲೋಮೀಟರ್ ವೇಗ ಹಿಡಿದು ಇಳಿಯುವವನಿಗೆ ಗುರುತ್ವ ಸುಮಾರು 585 ವ್ಯಾಟ್ ಕೊಡುತ್ತಿರುತ್ತದೆ. ಗಾಳಿ ನೂರಕ್ಕೂ ತುಸು ಹೆಚ್ಚು ತಿನ್ನುತ್ತದೆ, ಜಲ್ಲಿ ನೂರರಷ್ಟು. ಮಿಕ್ಕ 370 ವ್ಯಾಟನ್ನು ಬ್ರೇಕು ಶಾಖವಾಗಿ ಸುಡಬೇಕು. ಮನೆಯ ಮೇಲಿನ ಟ್ಯಾಂಕಿಗೆ ನೀರೆತ್ತುವ ಅರ್ಧ ಹೆಚ್‌ಪಿ ಮೋಟರಿನ ಪೂರ್ತಿ ಶಕ್ತಿ ಅಷ್ಟು, ಅದನ್ನು ತಡೆಯುವುದು ಎರಡು ತೆಳು ಉಕ್ಕಿನ ತಟ್ಟೆಗಳು. 8 ಕಿಲೋಮೀಟರ್ ಹೀಗೇ ಹಿಡಿದರೆ 350 ಕಿಲೋಜೂಲ್‌ಗೂ ಹೆಚ್ಚು. ಗಾಳಿ ತಣಿಸದೆ ಹೋದರೆ ಇನ್ನೂರು ಗ್ರಾಂ ಉಕ್ಕು ಕರಗಿ ಹರಿಯಲು ಅಷ್ಟು ಧಾರಾಳ ಸಾಕು. ಆದ್ದರಿಂದ ಬ್ರೇಕನ್ನು ಉದ್ದಕ್ಕೂ ಸವರಿಕೊಂಡು ಬರುವುದಕ್ಕಿಂತ, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ಆಮೇಲೆ ಪೂರ್ತಿ ಬಿಟ್ಟು ತಟ್ಟೆಗೆ ಉಸಿರಾಡಲು ಅವಕಾಶ ಕೊಡುವುದು ಒಳ್ಳೆಯದು.

ಎರಡನೆಯದು ತಿರುವಿನದು. ಹೇರ್‌ಪಿನ್ ತಿರುವಿನಲ್ಲಿ ಸೈಕಲ್ಲು ಹಿಡಿಯುವ ವೃತ್ತದ ತ್ರಿಜ್ಯ ಆರು ಮೀಟರ್ ಎನ್ನೋಣ. ಗಂಟೆಗೆ 15 ಕಿಲೋಮೀಟರ್‌ನಲ್ಲಿ ತಿರುಗಲು ನೆಲ ಭಾರದ ಶೇ. 30ರಷ್ಟು ಅಡ್ಡ ಹಿಡಿತ ಕೊಡಬೇಕು. 20 ಕಿಲೋಮೀಟರ್‌ನಲ್ಲಿ ಶೇ. 52. ವೇಗ ಮೂರನೇ ಒಂದರಷ್ಟು ಹೆಚ್ಚಿದ್ದಕ್ಕೆ ಬೇಡಿಕೆ ಮುಕ್ಕಾಲು ಪಾಲು ಏರಿತು, ವೇಗದ ವರ್ಗದ ಲೆಕ್ಕ ಅದು. ಸಡಿಲ ಜಲ್ಲಿಯ ಮಿತಿ ಇವೆರಡರ ನಡುವೆಯೇ ಎಲ್ಲೋ ಇರುತ್ತದೆ, ನಿಖರವಾಗಿ ಎಲ್ಲಿ ಎಂಬುದು ತಿರುವಿನಿಂದ ತಿರುವಿಗೆ ಬೇರೆ. ಹಿಡಿತದ ಒಟ್ಟು ಗಂಟು ಒಂದೇ: ತಿರುಗುತ್ತಲೇ ಬ್ರೇಕೂ ಹಿಡಿದರೆ ಅದೇ ಗಂಟಿನಿಂದ ಎರಡು ಖರ್ಚು. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಸಮಯವಿರುತ್ತದೆ. ಮುಂದಿನದು ಜಾರಿದರೆ ಇರುವುದಿಲ್ಲ, ಏಕೆಂದರೆ ಸೈಕಲ್ಲು ಬೀಳದೆ ನಿಲ್ಲುವುದೇ ವಾಲಿದ ಕಡೆಗೆ ಮುಂದಿನ ಚಕ್ರವನ್ನು ತಿರುಗಿಸಿಕೊಳ್ಳುತ್ತಾ. ಆ ಚಕ್ರಕ್ಕೇ ನೆಲ ಸಿಗದೆ ಹೋದರೆ ತಿರುಗಿಸಿ ಪ್ರಯೋಜನವಿಲ್ಲ. ಗ್ರಾವೆಲ್ ಸವಾರರು ಮುಂದಿನ ಟೈರಿಗೆ ಹಿಂದಿನದಕ್ಕಿಂತ ಎರಡು ಮೂರು ಪಿಎಸ್‌ಐ ಗಾಳಿ ಕಡಿಮೆ ಬಿಡುವುದಕ್ಕೆ, ಅದರ ಮೇಲಿನ ಭಾರ ಕಡಿಮೆ ಎಂಬುದರ ಜೊತೆಗೆ, ಇದೂ ಒಂದು ಕಾರಣ.